'ನಂಟು' ಎಂಬ ಮಾತು, ಮೂಡಿಗೆರೆಯ ವೈದ್ಯರು ಮತ್ತು ಒಂದು ಸರ್ಕಾರಿ ವರದಿ



ಪುಸ್ತಕ ವಿಮರ್ಶೆ ಬರೆದುಕೊಡಿ ಎಂದು ಸಂಪಾದಕರು ಮೂರು ತಿಂಗಳಿಂದ ನನ್ನ ಬೆನ್ನು ಹತ್ತಿದ್ದರು. ಕಾದಂಬರಿಯೋ ಕವನ ಸಂಕಲನವೋ ಆಗಿದ್ದರೆ ಅವರಿಗೂ ಸಂತೋಷವಾಗುತ್ತಿತ್ತು. ನಾನು ಕೊಡುತ್ತಿರುವುದು ಒಂದು ಸರ್ಕಾರಿ ವರದಿಯ ವಿಮರ್ಶೆ. ಅದೂ ಆಸ್ಟ್ರೇಲಿಯಾ ಸರ್ಕಾರದ್ದು, 2008ರಷ್ಟು ಹಳೆಯದು. ಸಂಪಾದಕರು ಕನ್ನಡಕದ ಮೇಲಿಂದ ಒಮ್ಮೆ ನನ್ನನ್ನು ನೋಡಿ, "ಜಾಗ ಇದೆ, ಹಾಕೋಣ" ಎಂದರು. ಜಾಗ ಇದ್ದದ್ದರಿಂದ ಹಾಕಿದರೋ, ನನ್ನ ಮೇಲಿನ ದಾಕ್ಷಿಣ್ಯದಿಂದಲೋ, ಓದುಗರೇ ಊಹಿಸಬೇಕು.

ಇದನ್ನು ಬರೆಯಬೇಕೆನಿಸಿದ್ದು ನಮ್ಮ ಮಕ್ಕಳ ಕನ್ನಡ ತರಗತಿಯಿಂದ. ವರ್ಣಮಾಲೆ ಮುಗಿಸಿದ ದೊಡ್ಡ ಮಕ್ಕಳಿಗೆ ಊರಿನ ಪತ್ರಿಕೆಯ ತಲೆಬರಹಗಳನ್ನು ಓದಿಸುವುದು ನನ್ನ ಪದ್ಧತಿ. ಒತ್ತಕ್ಷರ ರೂಢಿಯಾಗಲು ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಒಂದು ಶನಿವಾರ 'ಶಂಕಿತ ಉಗ್ರ ಸೆರೆ' ಎಂಬ ತಲೆಬರಹ ಬಂತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಕೈಯೆತ್ತಿ, "ಅಂಕಲ್, ಉಗ್ರಾಣ ಅಂದ್ರೆ ಉಗ್ರರನ್ನ ಇಡೋ ಜಾಗನಾ?" ಎಂದು ಕೇಳಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ನಗು ಇಳಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ನಮ್ಮ ಬ್ಯಾರಿ ಮನೆಯ ಹುಡುಗ, ಹತ್ತು ಹನ್ನೊಂದರ ಪ್ರಾಯದವನು, ಮೆಲ್ಲಗೆ ಇನ್ನೊಂದು ಪ್ರಶ್ನೆ ಹಾಕಿದ: "ಶಂಕಿತ ಅಂದ್ರೆ ಮಾಡಿದವನಾ, ಮಾಡದೇ ಇದ್ದವನಾ?"

ಮೂವತ್ತು ವರ್ಷದಿಂದ ಲೆಕ್ಕಪತ್ರ ಬರೆದು ಬದುಕಿದವನು ನಾನು. ಜಮಾ ಅಥವಾ ಖರ್ಚು, ಎರಡರಲ್ಲಿ ಒಂದು ಕಡೆ ಬರೆಯುವುದು ನನಗೆ ಗೊತ್ತು. ಈ ಮಾತನ್ನು ಯಾವ ಕಡೆ ಬರೆಯಬೇಕೆಂದು ತಕ್ಷಣ ಹೊಳೆಯಲಿಲ್ಲ.

ಮನೆಗೆ ಬಂದು ಯೋಚಿಸಿದೆ. 'ಉಗ್ರ' ಎಂಬುದು ನಮ್ಮ ಭಾಷೆಯಲ್ಲಿ ಗುಣವಾಚಕ. ಉಗ್ರ ನರಸಿಂಹ ಎನ್ನುತ್ತೇವೆ, ಉಗ್ರ ತಪಸ್ಸು ಎನ್ನುತ್ತೇವೆ. ಪತ್ರಿಕೆಗಳಲ್ಲಿ ಮೊದಲು ಉಗ್ರಗಾಮಿ ಬಂತು, ಉಗ್ರವಾದಿ ಬಂತು, ಭಯೋತ್ಪಾದಕ ಬಂತು. ತಲೆಬರಹದ ಅಗಲಕ್ಕೆ ಅವು ಹಿಡಿಸಲಾರದೆ ಕೊನೆಗೆ 'ಉಗ್ರ' ಎಂಬ ಎರಡಕ್ಷರ ಉಳಿಯಿತು. ಇನ್ನು 'ಶಂಕಿತ'. ಸಂಸ್ಕೃತ ಬಲ್ಲ ಸ್ನೇಹಿತರನ್ನು ಕೇಳಿದೆ. ಸಂಶಯಕ್ಕೆ ಒಳಗಾದವನು ಎಂಬ ಅರ್ಥದಂತೆಯೇ ಶಂಕೆಯಿಂದ ಹೆದರಿದವನು ಎಂಬ ಅರ್ಥವೂ ಆ ಪದಕ್ಕಿದೆಯಂತೆ. ಆದರೆ ತಲೆಬರಹದಲ್ಲಿ ಶಂಕಿಸಿದವರು ಯಾರು ಎಂಬುದು ಬರುವುದೇ ಇಲ್ಲ. ಶಂಕೆ ಪೊಲೀಸರದ್ದು, ಹೆಸರು ಹಿಡಿಯಲ್ಪಟ್ಟವನದ್ದು. ಓದುವವನ ಕಣ್ಣು 'ಶಂಕಿತ'ವನ್ನು ದಾಟಿ 'ಉಗ್ರ'ನ ಮೇಲೆ ಹೋಗಿ ನಿಲ್ಲುತ್ತದೆ.

ಇದಕ್ಕಿಂತ ನನ್ನನ್ನು ಕಾಡುವ ಮಾತು ಇನ್ನೊಂದಿದೆ: 'ಉಗ್ರರ ನಂಟು'. ನಂಟು ಎಂದರೆ ಬಾಂಧವ್ಯ. ನಂಟರು ಎಂದರೆ ಮದುವೆಗೆ ಕರೆಯುವವರು, ಸಾವಿಗೆ ಬರುವವರು, ಹೆರಿಗೆಗೆ ಬುತ್ತಿ ತರುವವರು. ಒಬ್ಬನ ಮೇಲೆ ಆರೋಪ ಬಂದಾಗ, ಅವನ ಪಾತ್ರ ಏನೆಂದು ಹೇಳಲು ಏನೂ ಸಿಗದಿದ್ದರೂ, 'ನಂಟು' ಎಂಬ ಒಂದು ಮಾತು ಸಿಕ್ಕೇ ಸಿಗುತ್ತದೆ. ನಂಟರಿಲ್ಲದ ಮನುಷ್ಯ ಯಾರಿದ್ದಾನೆ?

ಈ ಯೋಚನೆಯಲ್ಲಿರುವಾಗ ನೆನಪಾದದ್ದು ಮೂಡಿಗೆರೆಯ ಡಾ. ಮೊಹಮ್ಮದ್ ಹನೀಫ್ ಅವರ ಪ್ರಕರಣ. ಹಳಬರಿಗೆ ನೆನಪಿರುತ್ತದೆ, ಇಲ್ಲಿ ಹುಟ್ಟಿದ ಮಕ್ಕಳಿಗೆ ಗೊತ್ತಿರಲಾರದು. ಹಾಗಾಗಿ ಎರಡು ಮಾತು.

2007ರ ಜೂನ್ 29ರಂದು ಲಂಡನ್ನಿನಲ್ಲಿ ಸ್ಫೋಟಕ ತುಂಬಿದ ಎರಡು ಕಾರುಗಳು ಸಿಕ್ಕಿದವು. ಮರುದಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಉರಿಯುವ ಜೀಪೊಂದನ್ನು ನುಗ್ಗಿಸಲಾಯಿತು. ಜೀಪಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಬೆಂಗಳೂರಿನ ಕಫೀಲ್ ಅಹ್ಮದ್, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು, ತಂದೆ ತಾಯಿ ಇಬ್ಬರೂ ವೈದ್ಯರು. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಆತ ಸತ್ತ. ಅವನ ತಮ್ಮ ಸಬೀಲ್ ಇಂಗ್ಲೆಂಡಿನಲ್ಲೇ ವೈದ್ಯನಾಗಿದ್ದ. ಈ ಅಣ್ಣತಮ್ಮಂದಿರು ಹನೀಫ್ ಅವರಿಗೆ ದೂರದ ದಾಯಾದಿ ಸಂಬಂಧ. ಹನೀಫ್ ಬೆಂಗಳೂರಿನ ಅಂಬೇಡ್ಕರ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ಕೆಲವು ಕಾಲ ಕೆಲಸ ಮಾಡಿ, 2006ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಗೆ ಹೋಗಿದ್ದರು. ಹೋಗುವಾಗ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಸಬೀಲ್ ಕೈಯಲ್ಲಿ ಬಿಟ್ಟು ಹೋದರು. ಅದರಲ್ಲಿ ಇನ್ನೂ ಮಾತಾಡುವ ನಿಮಿಷಗಳು ಉಳಿದಿದ್ದವು.

ಇಡೀ ಪ್ರಕರಣ ನಿಂತದ್ದು ಈ ಸಿಮ್ ಕಾರ್ಡಿನ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಮಾತನ್ನು ನಮ್ಮ ಹಾಗೆ ಅರ್ಥ ಮಾಡಿಕೊಳ್ಳುವವರು ಲೋಕದಲ್ಲಿ ಇನ್ನೊಬ್ಬರಿಲ್ಲ. ದೇರಾದ ಬೆಡ್ ಸ್ಪೇಸಿನಲ್ಲಿ, ಮುಸಫ್ಫಾದ ಕ್ಯಾಂಪಿನಲ್ಲಿ ಬದುಕಿದವರಿಗೆ ಗೊತ್ತು, ಊರಿಗೆ ಕ್ಯಾನ್ಸಲ್ ಮಾಡಿ ಹೋಗುವವನು ಏನನ್ನು ಕೊಂಡೊಯ್ಯುತ್ತಾನೆ, ಏನನ್ನು ಬಿಟ್ಟು ಹೋಗುತ್ತಾನೆ ಎಂದು. ಕುಕ್ಕರು, ಇಸ್ತ್ರಿ ಪೆಟ್ಟಿಗೆ, ಕಂಬಳಿ, ಉಳಿದ ಅಕ್ಕಿ, ಎಲ್ಲ ರೂಮಿನವರಿಗೆ. ಸಿಮ್ ಕೂಡ ಹಾಗೆಯೇ. 2003ರಲ್ಲಿ ದುಬೈಯಿಂದ ಅಬುಧಾಬಿಗೆ ಕೆಲಸ ಬದಲಾದಾಗ ನನ್ನ ವಾಸೆಲ್ ಸಿಮ್ಮನ್ನು ಕಾರ್ಕಳ ಕಡೆಯ ಹುಡುಗನೊಬ್ಬನಿಗೆ ಕೊಟ್ಟು ಬಂದೆ. ಹೊಸದಾಗಿ ಬಂದವನು, ವೀಸಾ ಸ್ಟ್ಯಾಂಪಿಂಗ್ ಇನ್ನೂ ಆಗಿರಲಿಲ್ಲ, ತನ್ನ ಹೆಸರಿನಲ್ಲಿ ತೆಗೆಯುವ ಹಾಗಿರಲಿಲ್ಲ. 2012ರಲ್ಲಿ 'ನನ್ನ ನಂಬರು, ನನ್ನ ಗುರುತು' ಎಂದು ಇಲ್ಲಿನ ದೂರಸಂಪರ್ಕ ಪ್ರಾಧಿಕಾರ ಎಲ್ಲ ಸಿಮ್‌ಗಳ ಮರುನೋಂದಣಿ ಮಾಡಿಸಿತಷ್ಟೆ. ಆಗ ಸರದಿಯಲ್ಲಿ ನಿಂತು ಕೇಳಿದೆ. ನನ್ನ ಹೆಸರಿನಲ್ಲಿ ಎರಡು ನಂಬರು ತೋರಿಸಿದವು. ಒಂಬತ್ತು ವರ್ಷದಿಂದ ಆ ಹಳೆಯ ನಂಬರನ್ನು ವರ್ಷ ವರ್ಷ ಯಾರೋ ರಿನ್ಯೂ ಮಾಡಿಸಿಕೊಂಡು ಬಂದಿದ್ದರು. ಕಾರ್ಕಳದ ಹುಡುಗ ಊರು ಸೇರಿ ಎಷ್ಟೋ ಕಾಲವಾಗಿತ್ತು. ಅವನು ಯಾರಿಗೆ ಕೊಟ್ಟ, ಅವರು ಯಾರಿಗೆ ಕೊಟ್ಟರು, ನನಗೆ ಇಂದಿಗೂ ಗೊತ್ತಿಲ್ಲ. ಕೌಂಟರಿನ ಹುಡುಗಿ "ಕ್ಯಾನ್ಸಲ್ ಮಾಡಲೇ?" ಎಂದು ಕೇಳಿದಳು. ಮಾಡು ಎಂದೆ. ಕೈ ಸ್ವಲ್ಪ ನಡುಗುತ್ತಿತ್ತು. ಹನೀಫ್ ಅವರ ಪ್ರಕರಣ ನಡೆದು ಆಗ ಐದು ವರ್ಷವಾಗಿತ್ತು.

ಈಗ ವರದಿಗೆ ಬರೋಣ. 2007ರ ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹನೀಫ್ ಅವರನ್ನು ಬಂಧಿಸಿದರು. ಬೆಂಗಳೂರಿಗೆ ಹೊರಟಿದ್ದರು, ಒಂದೇ ಕಡೆಯ ಟಿಕೆಟು. ಜೂನ್ 26ರಂದು ಅವರಿಗೆ ಹೆಣ್ಣು ಮಗು ಹುಟ್ಟಿತ್ತು. 12 ದಿನ ಯಾವ ಆರೋಪವನ್ನೂ ಹೊರಿಸದೆ ಇಟ್ಟುಕೊಂಡರು. ಜುಲೈ 14ರಂದು, ಭಯೋತ್ಪಾದಕ ಸಂಘಟನೆಗೆ ಅಜಾಗರೂಕತೆಯಿಂದ ಸಿಮ್ ಕಾರ್ಡ್ ಒದಗಿಸಿದರು ಎಂಬ ಆರೋಪ. ಗರಿಷ್ಠ ಶಿಕ್ಷೆ 15 ವರ್ಷ. 16ರಂದು ಮ್ಯಾಜಿಸ್ಟ್ರೇಟರು 10,000 ಡಾಲರಿನ ಜಾಮೀನು ಕೊಟ್ಟರು. ಅದೇ ದಿನ ಮಧ್ಯಾಹ್ನ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್, ನಡತೆಯ ಆಧಾರದ ಮೇಲೆ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕಿದ ಮನುಷ್ಯ ಜೈಲಿನಲ್ಲೇ ಉಳಿದರು.

ಸಿಮ್ ಕಾರ್ಡು ಗ್ಲಾಸ್ಗೋದ ಉರಿಯುವ ಜೀಪಿನಲ್ಲಿ ಸಿಕ್ಕಿತು ಎಂದು ನ್ಯಾಯಾಲಯದಲ್ಲಿ ಹೇಳಲಾಗಿತ್ತು. ಸಿಕ್ಕಿದ್ದು ಅಲ್ಲಿಂದ ಮುನ್ನೂರು ಕಿಲೋಮೀಟರಿಗೂ ದೂರದ ಲಿವರ್‌ಪೂಲಿನಲ್ಲಿ, ಸಬೀಲನ ಬಳಿ. ಇದನ್ನು ಹೊರಗೆ ತಂದವರು ಆ ದೇಶದ ಪತ್ರಕರ್ತರೇ. ಜುಲೈ 27ರಂದು ಆರೋಪ ಕೈಬಿಟ್ಟರು. 29ರಂದು ಹನೀಫ್ ಬೆಂಗಳೂರಿಗೆ ಬಂದಿಳಿದರು. ಆಗಸ್ಟ್ 21ರಂದು ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಸ್ಪೆಂಡರ್ ಅವರು ವೀಸಾ ರದ್ದತಿಯನ್ನೇ ರದ್ದು ಮಾಡಿದರು.

ವಿಚಾರಣೆಯ ವೇಳೆ ಇದೇ ನ್ಯಾಯಮೂರ್ತಿಗಳು ಹೇಳಿದ ಒಂದು ಮಾತಿನ ಸಾರ ನನಗೆ ಬಹಳ ಹಿಡಿಸಿತು. ಸರ್ಕಾರದ ಪ್ರಕಾರ ಅಪರಾಧದ ಸಂಶಯವಿರುವವರೊಡನೆ 'ಸಂಬಂಧ' ಇದ್ದರೆ ಸಾಕು, ನಡತೆ ಕೆಟ್ಟಿತು. ಹಾಗಾದರೆ ವಕೀಲನಾಗಿ ಅಂಥವರ ಪರ ನಿಂತ ನಾನೂ ಈ ಪರೀಕ್ಷೆಯಲ್ಲಿ ಫೇಲಾಗುತ್ತೇನಲ್ಲ ಎಂದರು ಅವರು. ನೋಡಿ, ನಮ್ಮ 'ನಂಟು' ಅಲ್ಲಿ ಇಂಗ್ಲಿಷಿನಲ್ಲಿ ಕೂತಿತ್ತು.

ಸರ್ಕಾರ ಬದಲಾದ ಮೇಲೆ, 2008ರಲ್ಲಿ, ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರಿಗೆ ವಿಚಾರಣೆ ಒಪ್ಪಿಸಿದರು. ಅವರ ವರದಿ ಅದೇ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹನೀಫ್ ವಿರುದ್ಧ ಸಾಕ್ಷ್ಯವೇ ಇರಲಿಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ತನಿಖೆಯ ಮುಂದಾಳತ್ವ ವಹಿಸಿದ್ದ ಅಧಿಕಾರಿ ವಸ್ತುನಿಷ್ಠತೆ ಕಳೆದುಕೊಂಡಿದ್ದರು ಎಂದು ಹೆಸರು ಹಿಡಿದು ಬರೆಯುತ್ತದೆ. ದೇಶದ ಗುಪ್ತಚರ ಸಂಸ್ಥೆ, ಈ ಮನುಷ್ಯನನ್ನು ದಾಳಿಗೆ ಜೋಡಿಸುವ ಮಾಹಿತಿ ತನ್ನಲ್ಲಿಲ್ಲ ಎಂದು ಆರೋಪ ಹೊರಿಸುವ ಮೊದಲೇ ತಿಳಿಸಿತ್ತೆಂಬುದನ್ನು ಬಯಲಿಗಿಡುತ್ತದೆ. ಕೊನೆಗೆ ಹತ್ತು ಶಿಫಾರಸುಗಳು.

ವರದಿಯಾಗಿ ಇದರ ಗುಣವೆಂದರೆ ತಾಳ್ಮೆ. ಯಾವ ದಿನ, ಯಾವ ಗಂಟೆ, ಯಾರು ಯಾರಿಗೆ ಯಾವ ಕಾಗದ ಕೊಟ್ಟರು, ಅದನ್ನು ಅವರು ಓದಿದರೋ ಇಲ್ಲವೋ, ಎಲ್ಲವನ್ನೂ ಒಂದು ಒಳ್ಳೆಯ ಆಡಿಟ್ ಮಾಡುವ ಹಾಗೆ ಹುಡುಕುತ್ತದೆ. ನನ್ನ ಕಸುಬಿನವರು ಮೆಚ್ಚುವಂಥ ಕೆಲಸ. ಎಲ್ಲಿಯೂ ದನಿ ಏರುವುದಿಲ್ಲ.

ಆದರೆ ಓದುತ್ತ ಹೋದಂತೆ ನನಗೆ ಮೂರು ಕಡೆ ಪೆನ್ಸಿಲ್ ನಿಂತಿತು.

ಮೊದಲನೆಯದು ಸಚಿವರ ವಿಷಯ. ಜಾಮೀನು ಸಿಕ್ಕ ದಿನವೇ ವೀಸಾ ರದ್ದು ಮಾಡಿದ್ದರಲ್ಲಿ ದುರುದ್ದೇಶ ಕಾಣಲಿಲ್ಲ ಎನ್ನುತ್ತಾರೆ ಕ್ಲಾರ್ಕ್. ಸಚಿವರು ಇನ್ನಷ್ಟು ಯೋಚಿಸಬೇಕಿತ್ತು ಎಂಬಲ್ಲಿಗೆ ನಿಲ್ಲಿಸುತ್ತಾರೆ. ಸಾಕ್ಷಿಗಳನ್ನು ಕಡ್ಡಾಯವಾಗಿ ಕರೆಸಿ ಪ್ರಮಾಣ ಮಾಡಿಸುವ ಅಧಿಕಾರ ಅವರಿಗಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಈ ಮಾತನ್ನು ಓದಬೇಕು. ಕರೆದರೆ ಬರಬಹುದು, ಬಿಡಬಹುದು ಎಂಬಂಥ ವಿಚಾರಣೆಯಲ್ಲಿ ಮನಸ್ಸಿನೊಳಗಿನ ಉದ್ದೇಶ ಹೇಗೆ ಸಿಕ್ಕೀತು? ಸಿಗಲಿಲ್ಲ ಎಂಬುದು ಬೇರೆ, ಇರಲಿಲ್ಲ ಎಂಬುದು ಬೇರೆ.

ಎರಡನೆಯದು, 'ಸತ್ತ ಸಮಯ'. ಇದು ಆ ದೇಶದ ಕಾನೂನಿನ ಮಾತು. ಭಯೋತ್ಪಾದನೆಯ ಪ್ರಕರಣದಲ್ಲಿ ಆರೋಪ ಹೊರಿಸದೆ ಒಬ್ಬನನ್ನು ತನಿಖೆಗೆ ಇಟ್ಟುಕೊಳ್ಳಲು ಒಟ್ಟು 24 ಗಂಟೆ ಮಿತಿ. ಆದರೆ ನಿದ್ದೆ, ಊಟ, ವಕೀಲರ ಭೇಟಿ, ಬೇರೆ ದೇಶದಿಂದ ಮಾಹಿತಿ ಬರುವವರೆಗಿನ ಕಾಯುವಿಕೆ ಇವೆಲ್ಲ ಲೆಕ್ಕಕ್ಕಿಲ್ಲ. ಹೀಗೆ 24 ಗಂಟೆ 12 ದಿನವಾಯಿತು. ಸತ್ತ ಸಮಯಕ್ಕೆ ಮಿತಿ ಬೇಕು ಎಂದು ವರದಿ ಹೇಳಿತು; 2010ರಲ್ಲಿ ಕಾನೂನಿಗೆ ತಿದ್ದುಪಡಿ ಬಂದು 7 ದಿನ ಎಂದಾಯಿತು. ಒಳ್ಳೆಯದೇ. ಆದರೆ ಯಾರ ಪಾಲಿಗೆ ಆ ಸಮಯ ಸತ್ತದ್ದು ಎಂದು ವರದಿ ಕೇಳುವುದಿಲ್ಲ. ಒಳಗಿದ್ದವನಿಗೆ ಅದೇ ಅತ್ಯಂತ ಜೀವಂತ ಸಮಯ. ಹೆರಿಗೆಯಾಗಿ ವಾರವೂ ತುಂಬದ ಹೆಂಡತಿ ಸಾವಿರಾರು ಮೈಲು ದೂರದಲ್ಲಿ ಟಿವಿಯ ಮುಂದೆ ಕೂತ ಸಮಯ.

ಮೂರನೆಯದು ದೊಡ್ಡದು. ವರದಿಯಲ್ಲಿ ಪೊಲೀಸರಿದ್ದಾರೆ, ಸಚಿವರಿದ್ದಾರೆ, ಇಲಾಖೆಗಳಿವೆ. ಆ ನಾಲ್ಕು ವಾರ ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಇತರ ಮುಸ್ಲಿಂ ವೈದ್ಯರ, ಅವರ ಮನೆಮಂದಿಯ ಪಾಡೇನು ಎಂಬುದು ಕ್ಲಾರ್ಕ್ ಅವರಿಗೆ ಒಪ್ಪಿಸಿದ ಪ್ರಶ್ನೆಗಳಲ್ಲೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಲಿಲ್ಲ ಎಂದು ಅವರನ್ನು ದೂರಲಾರೆ. ಆದರೆ ಓದುಗನಾಗಿ ಆ ಖಾಲಿ ಜಾಗ ಕಾಣುತ್ತದೆ.

ಅದನ್ನು ಸ್ವಲ್ಪ ಮಟ್ಟಿಗೆ ತುಂಬುವುದು ಇನ್ನೊಂದು ಕಾಗದ: ಜುಲೈ 3ರಂದು ಪೊಲೀಸರು ಹನೀಫ್ ಅವರನ್ನು ವಿಚಾರಿಸಿದ 142 ಪುಟದ ಮಾತುಕತೆ. ಅವರ ವಕೀಲ ಸ್ಟೀಫನ್ ಕೀಮ್ ಅದನ್ನು ಪತ್ರಿಕೆಗೆ ಕೊಟ್ಟುಬಿಟ್ಟರು. ಜುಲೈ 18ರಂದು ಅದರ ಸುದ್ದಿ 'ದಿ ಆಸ್ಟ್ರೇಲಿಯನ್' ಪತ್ರಿಕೆಯಲ್ಲಿ ಬಂತು. ಕೀಮ್ ಮೇಲೆ ಟೀಕೆಗಳ ಮಳೆಯಾಯಿತು. ಆದರೆ ಪ್ರಕರಣದ ಗಾಳಿ ತಿರುಗಿದ್ದು ಅಲ್ಲಿಂದ. ಪೊಲೀಸರ ಕಡೆಯವರು ನ್ಯಾಯಾಲಯದಲ್ಲಿ, ಒಂದೇ ಕಡೆಯ ಟಿಕೆಟಿಗೆ ಈತ ವಿವರಣೆ ಕೊಟ್ಟಿಲ್ಲ ಎಂದಿದ್ದರು. ಮಾತುಕತೆಯಲ್ಲಿ ವಿವರಣೆ ಇತ್ತು. ಟಿಕೆಟು ತೆಗೆಸಿದ್ದು ಮಾವ, ಏಳು ದಿನ ರಜೆ, ವಾಪಸಾಗುವ ಟಿಕೆಟು ಊರಿನಲ್ಲಿ ತೆಗೆಯುವುದು ಎಂದು. ಹೆರಿಗೆಗೋ ಸಾವಿಗೋ ಎಮರ್ಜೆನ್ಸಿ ಲೀವಿನಲ್ಲಿ ಮಂಗಳೂರಿಗೆ ಓಡಿದ ನಮ್ಮಲ್ಲಿ ಎಷ್ಟು ಮಂದಿ ಹಾಗೆ ಹೋಗಿಲ್ಲ ಹೇಳಿ. ಅದೇ ಮಾತುಕತೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸಿಮ್ ಕಾರ್ಡಿನ ವಿಷಯ ಕಿವಿಗೆ ಬಿದ್ದೊಡನೆ ಹನೀಫ್ ಬ್ರಿಟಿಷ್ ಪೊಲೀಸ್ ಅಧಿಕಾರಿಯೊಬ್ಬರಿಗೆ ನಾಲ್ಕು ಸಲ ಫೋನು ಮಾಡಿದ್ದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ.

ವರದಿಯನ್ನೂ ಈ ಮಾತುಕತೆಯ ವಿವರಗಳನ್ನೂ ಮುದ್ರಿಸಿಕೊಂಡು, ಒಂದು ಶನಿವಾರ ತರಗತಿ ಮುಗಿದ ಮೇಲೆ ಖುಸೈಸಿನ ಸ್ನೇಹಿತರ ಮನೆಯಲ್ಲಿ ಕೆಲವರು ಕೂತೆವು. ಹೆಸರು ಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಮುಸ್ಲಿಮರ ಅಭಿಪ್ರಾಯ ಎಂದರೆ ಒಂದೇ ಎಂದು ತಿಳಿದವರು ಅಲ್ಲಿರಬೇಕಿತ್ತು.

ಭಟ್ಕಳದ ಹಿರಿಯರೊಬ್ಬರು ತಮ್ಮ ಪಾಸ್‌ಪೋರ್ಟಿನ ವಿಷಯ ಹೇಳಿದರು. ಹುಟ್ಟಿದ ಸ್ಥಳ ಭಟ್ಕಳ ಎಂದಿರುವ ಪುಟಕ್ಕೆ ಬಂದಾಗ ಅಧಿಕಾರಿಯ ಬೆರಳು ನಿಲ್ಲುತ್ತದಂತೆ. ಇಂಡಿಯನ್ ಮುಜಾಹಿದೀನ್‌ನವರ ಹೆಸರಿನ ಜೊತೆಗೆ ಊರಿನ ಹೆಸರು ಅಂಟಿದ ಮೇಲೆ ನಲವತ್ತು ವರ್ಷದ ವ್ಯಾಪಾರ, ಮರ್ಯಾದೆ ಎಲ್ಲ ಆ ಬೆರಳಿನಡಿ ಹೋಯಿತು ಎಂದರು. ಊರಿನವರು ಪತ್ರಿಕೆಗಳನ್ನು ಮತ್ತೆ ಮತ್ತೆ ಕೇಳಿಕೊಂಡದ್ದಿದೆ, ಊರಿನ ಹೆಸರನ್ನು ಮನೆತನದ ಹೆಸರಿನ ಹಾಗೆ ಬಳಸಬೇಡಿ ಎಂದು. ಆದರೆ ಅವರ ಸಿಟ್ಟು ಪತ್ರಿಕೆಯವರ ಮೇಲೆ ಅರ್ಧ ಮಾತ್ರ. 2013ರ ಹೈದರಾಬಾದ್ ಸ್ಫೋಟಗಳಿಗಾಗಿ 2016ರಲ್ಲಿ ಯಾಸಿನ್‌ಗೂ ಜೊತೆಯವರಿಗೂ ಮರಣದಂಡನೆ ಆದಾಗ ತಮಗೆ ಏನೂ ಅನಿಸಲಿಲ್ಲ ಎಂದರು. "ನನ್ನ ಊರಿನ ಹೆಸರು ಕದ್ದವರು ಮೊದಲು ಅವರು. ಪತ್ರಿಕೆಯವರು ಕದ್ದ ಮಾಲು ಮಾರಿದರು, ಅಷ್ಟೆ."

ಶಾರ್ಜಾದಲ್ಲಿ ಶಿಕ್ಷಕಿಯಾಗಿರುವ ಹುಬ್ಬಳ್ಳಿಯ ತಾಯಿಯೊಬ್ಬರು, ತಪಾಸಣೆ ಎಷ್ಟು ಬೇಕಾದರೂ ಮಾಡಲಿ ಎಂದರು. 2022ರ ನವೆಂಬರಿನಲ್ಲಿ ಮಂಗಳೂರಿನ ಆಟೋದಲ್ಲಿ ಕುಕ್ಕರ್ ಸಿಡಿದಾಗ ಅವರ ನಾದಿನಿ ಆ ದಾರಿಯಲ್ಲೇ ಬಸ್ಸಿಗೆ ಕಾಯುತ್ತಿದ್ದರಂತೆ. ಸುಟ್ಟುಕೊಂಡದ್ದು ಬಡ ಆಟೋ ಚಾಲಕ. ಬಾಂಬು ಹೆಸರು ಕೇಳಿ ಸಿಡಿಯುವುದಿಲ್ಲ, ಬುರ್ಖಾ ನೋಡಿ ಪಕ್ಕಕ್ಕೆ ಹೋಗುವುದೂ ಇಲ್ಲ ಎಂದರು. ಆದರೆ ಬೆಂಗಳೂರಿನಲ್ಲಿ ಓದುವ ಮಗನಿಗೆ ಮಾತ್ರ ಪ್ರತಿ ವಾರ ಫೋನಿನಲ್ಲಿ ಒಂದೇ ಪಾಠ: ಗೊತ್ತಿಲ್ಲದವರಿಗೆ ಫೋನು ಕೊಡಬೇಡ, ರೂಮಿನಲ್ಲಿ ಯಾರನ್ನೂ ಮಲಗಿಸಬೇಡ. "ಅವನ ಅಪ್ಪನಿಗೆ ಇಲ್ಲಿ ಮೊದಲ ತಿಂಗಳು ಜಾಗ ಕೊಟ್ಟವರು ಗೊತ್ತಿಲ್ಲದವರೇ. ನಾನು ಮಗನಿಗೆ ಹೀಗೆ ಕಲಿಸ್ತಾ ಇದ್ದೀನಲ್ಲ" ಎಂದು ಅವರೇ ಸುಮ್ಮನಾದರು.

ಕಂಪ್ಯೂಟರ್ ಓದಿದ ತರುಣನೊಬ್ಬ, ತಪ್ಪು ಮಾಡದವನಿಗೆ ಹೆದರಿಕೆ ಏಕೆ ಎಂದ. ನಾನೂ ಒಂದು ಕಾಲಕ್ಕೆ ಹಾಗೇ ಹೇಳುತ್ತಿದ್ದೆ. ಅವನ ಕೈಗೆ ವರದಿಯನ್ನೇ ಕೊಟ್ಟೆ. ತಪ್ಪು ಮಾಡದವನು ತಾನಾಗಿ ಪೊಲೀಸರಿಗೆ ಫೋನು ಮಾಡಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ, ಆ ಉತ್ತರವೇ ನ್ಯಾಯಾಲಯಕ್ಕೆ ಹೋಗುವ ಹೊತ್ತಿಗೆ ಮಾಯವಾಗಿತ್ತು.

ಅದಕ್ಕೆ ಆ ಹುಡುಗ ಕೊಟ್ಟ ಉತ್ತರವನ್ನೂ ಬರೆಯಬೇಕು, ಏಕೆಂದರೆ ಅದು ಸರಿ. "ಆದರೂ ನಾಲ್ಕು ವಾರದಲ್ಲಿ ಹೊರಗೆ ಬಂದರಲ್ಲ ಅಂಕಲ್. ಬಿಡಿಸಿದವರು ಯಾರು? ಮ್ಯಾಜಿಸ್ಟ್ರೇಟು, ವಕೀಲರು, ಪತ್ರಕರ್ತರು. ಅವರಲ್ಲಿ ನಮ್ಮವರು ಯಾರಿದ್ದರು?" ನಿಜ. ಪ್ರಕರಣವನ್ನು ಬೆನ್ನಟ್ಟಿದ ಹೆಡ್ಲಿ ಥಾಮಸ್ ಅವರಿಗೆ ಆ ವರ್ಷ ಅಲ್ಲಿನ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ, ಗೋಲ್ಡ್ ವಾಕ್ಲಿ, ಬಂತು. 2010ರ ಡಿಸೆಂಬರಿನಲ್ಲಿ ಸರ್ಕಾರ ಪರಿಹಾರ ಕೊಟ್ಟು ರಾಜಿ ಮಾಡಿಕೊಂಡಿತು, ಮೊತ್ತ ಗುಟ್ಟು. ಆ ವೇಳೆಗೆ ಡಾ. ಹನೀಫ್ ನಮ್ಮ ಈ ಎಮಿರೇಟ್ಸಿನಲ್ಲೇ ವೈದ್ಯ ವೃತ್ತಿಯಲ್ಲಿದ್ದರು.

ನಮ್ಮ ಕಡೆ ಇದಕ್ಕೆ ಜೋಡಿಯಾಗಿ ಇಡಬಹುದಾದದ್ದು ಗುಲಬರ್ಗದ ನಿಸಾರುದ್ದೀನ್ ಅಹ್ಮದ್ ಅವರ ಪ್ರಕರಣ. ಫಾರ್ಮಸಿ ಓದುತ್ತಿದ್ದ ಹುಡುಗ. 1994ರ ಜನವರಿಯಲ್ಲಿ ಹಿಡಿದುಕೊಂಡು ಹೋದರು. ಬಾಬರಿ ಮಸೀದಿ ಬಿದ್ದ ವರ್ಷದ ದಿನ ನಡೆದ ರೈಲು ಸ್ಫೋಟಗಳ ಆರೋಪ. ಕಾನೂನು ಟಾಡಾ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಒಪ್ಪುವ ಕಾನೂನು ಅದು. ಅವರ ವಿರುದ್ಧ ಮುಖ್ಯವಾಗಿ ಇದ್ದದ್ದೂ ಅಂಥದೇ. 1995ರಲ್ಲಿ ಟಾಡಾದ ಅವಧಿ ಮುಗಿಯಿತು, ನಿಸಾರ್ ಅವರದ್ದು ಮುಗಿಯಲಿಲ್ಲ. 2005ರಲ್ಲಿ ಜೀವಾವಧಿ ಶಿಕ್ಷೆ. 2016ರ ಮೇ 11ರಂದು ಸುಪ್ರೀಂ ಕೋರ್ಟು ಖುಲಾಸೆ ಮಾಡಿತು. ಒಳಗೆ ಹೋಗುವಾಗ ಇಪ್ಪತ್ತರ ಆಸುಪಾಸು, ಹೊರಗೆ ಬರುವಾಗ ನಲವತ್ತಮೂರು. ಮಗನಿಗಾಗಿ ಓಡಾಡಿದ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು.

ಅಲ್ಲಿ 12 ದಿನದ ಬಗ್ಗೆ ಒಂದು ದಪ್ಪ ವರದಿ ಬಂತು. ಇಲ್ಲಿ 22 ವರ್ಷದ ಬಗ್ಗೆ ಅಂಥದೊಂದು ಬರಲಿಲ್ಲ. ಅಲ್ಲಿ ಆರೋಪವಿಲ್ಲದೆ ಇಟ್ಟುಕೊಳ್ಳುವ ಸತ್ತ ಸಮಯ 7 ದಿನಕ್ಕೆ ಇಳಿಯಿತು. ನಮ್ಮಲ್ಲಿ ಮುಂಬೈ ದಾಳಿಯ ನಂತರ 2008ರಲ್ಲಿ ತಿದ್ದಿದ ಯುಎಪಿಎ ಪ್ರಕಾರ ಆರೋಪಪಟ್ಟಿ ಸಲ್ಲಿಸಲು 180 ದಿನದವರೆಗೆ ಸಮಯವಿದೆ, ಜಾಮೀನು ಬಹಳ ಕಷ್ಟ. 2019ರಲ್ಲಿ ಸಂಘಟನೆಯನ್ನಷ್ಟೇ ಅಲ್ಲದೆ ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಘೋಷಿಸುವ ಅಧಿಕಾರ ಸೇರಿತು. ತಪ್ಪು ಮೊಕದ್ದಮೆಗೆ ಸಿಕ್ಕಿದವರಿಗೆ ಪರಿಹಾರ ಕೊಡುವ ಕಾನೂನು ಬೇಕು ಎಂದು 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಹೇಳಿದೆ. ನಾವು ದುಡಿಯುವ ಈ ದೇಶದಲ್ಲೂ 2004ರಲ್ಲಿ, ಮತ್ತೆ 2014ರಲ್ಲಿ ಭಯೋತ್ಪಾದನೆ ನಿಗ್ರಹದ ಕಾನೂನುಗಳು ಬಂದಿವೆ. ಭಾರತದೊಡನೆ 1999ರಲ್ಲಿ ಆರೋಪಿಗಳ ಹಸ್ತಾಂತರದ ಒಪ್ಪಂದವೂ ಆಗಿದೆ. ನಾವು ಇಲ್ಲಿಗೆ ಅನ್ನಕ್ಕೆ ಬಂದವರು. ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕದೆ ಇರುವುದು, ಚಂದಾ ಎಂದು ಕೇಳಿದವರಿಗೆಲ್ಲ ದುಡ್ಡು ಕೊಡದೆ ಇರುವುದು ನಮ್ಮ ಕೈಯಲ್ಲಿದೆ.

ಇಷ್ಟು ಬರೆದವನು ನನ್ನ ಸಮುದಾಯದ ತಪ್ಪನ್ನೂ ಬರೆಯದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. 2007ರ ಆ ಜುಲೈಯಲ್ಲಿ ನಾವು ಕೂತು ಮಾತಾಡಿದ್ದೆಲ್ಲ ಹನೀಫ್ ಅವರ ಬಗ್ಗೆ. ಕಫೀಲನ ಬಗ್ಗೆ "ನಮ್ಮ ಹುಡುಗ ಹಾಗೆ ಮಾಡಿರಲಿಕ್ಕಿಲ್ಲ, ಯಾರೋ ಸಿಕ್ಕಿಸಿದ್ದಾರೆ" ಎಂದವರಲ್ಲಿ ನಾನೂ ಒಬ್ಬ. ಆದರೆ ಜೀಪು ಓಡಿಸಿದ್ದು ಅವನೇ. ಸಬೀಲ್ 2008ರಲ್ಲಿ ತಪ್ಪೊಪ್ಪಿಕೊಂಡ. ಅಣ್ಣ ಕಳಿಸಿದ ಇ-ಮೇಲನ್ನು ಓದಿಯೂ ಪೊಲೀಸರಿಗೆ ಹೇಳದೆ ಮುಚ್ಚಿಟ್ಟದ್ದು ಅವನ ಅಪರಾಧ. ಒಬ್ಬನು ಕಾಗದ ಮುಚ್ಚಿಟ್ಟ, ಇನ್ನೊಬ್ಬರು ಫೋನು ಮಾಡಿದರು. ಪೊಲೀಸರು ಈ ವ್ಯತ್ಯಾಸ ನೋಡಲಿಲ್ಲ ಎಂದು ದೂರುವ ನಾವೂ ಅದನ್ನು ನೋಡಲಿಲ್ಲ. ಒಬ್ಬ ಕೆಟ್ಟರೆ ಎಲ್ಲರೂ ಕೆಟ್ಟವರು ಎಂಬುದೂ, ಒಬ್ಬ ನಿರಪರಾಧಿಯಾದರೆ ಎಲ್ಲರೂ ನಿರಪರಾಧಿಗಳು ಎಂಬುದೂ ಒಂದೇ ನಂಟಿನ ಲೆಕ್ಕ. 2008ರ ಫೆಬ್ರವರಿಯಲ್ಲಿ ದೇವಬಂದಿನ ದಾರುಲ್ ಉಲೂಮ್‌ನಲ್ಲಿ ಸೇರಿದ ಉಲೇಮಾಗಳು ಭಯೋತ್ಪಾದನೆಯನ್ನು ಧರ್ಮವಿರೋಧಿ ಎಂದು ಖಂಡಿಸಿ, ಅದೇ ಹೇಳಿಕೆಯಲ್ಲಿ ನಿರಪರಾಧಿಗಳ ಬಂಧನವನ್ನೂ ಖಂಡಿಸಿದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಬರುತ್ತದೆ ಎಂದಾಯಿತು. ಆದರೆ ಮರುದಿನ ಅವರವರಿಗೆ ಬೇಕಾದ ಅರ್ಧವನ್ನು ಅವರವರು ಹಿಡಿದುಕೊಂಡರು.

ಪತ್ರಿಕೆಯ ಭಾಷೆಗೆ ಮತ್ತೆ ಬರುತ್ತೇನೆ. 2012ರ ಆಗಸ್ಟ್ 29ರಂದು ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಹಲವು ತರುಣರನ್ನು ಹಿಡಿದರು. ಅವರಲ್ಲಿ ಡೆಕ್ಕನ್ ಹೆರಾಲ್ಡ್ ವರದಿಗಾರ ಮುತೀಉರ್ ರಹಮಾನ್ ಸಿದ್ದಿಕಿಯವರೂ ಇದ್ದರು. ನಿನ್ನೆಯವರೆಗೆ ತಲೆಬರಹದ ಕೆಳಗೆ ಇದ್ದ ಹೆಸರು ತಲೆಬರಹದೊಳಕ್ಕೆ ಹೋಯಿತು. ಆರು ತಿಂಗಳಾದ ಮೇಲೆ, 2013ರ ಫೆಬ್ರವರಿಯಲ್ಲಿ, ಅವರ ವಿರುದ್ಧ ಎನ್‌ಐಎ ಆರೋಪಪಟ್ಟಿಯನ್ನೇ ಹಾಕದೆ ಬಿಡುಗಡೆ ಆಯಿತು. ಅದೇ ಪ್ರಕರಣದಲ್ಲಿ ಬೇರೆ 13 ಮಂದಿ 2016ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾದರು. ಹಿಡಿದ ದಿನ ಇವರೆಲ್ಲರಿಗೂ ಇದ್ದದ್ದು ಒಂದೇ ವಿಶೇಷಣ. ಆ ದಿನ ಪತ್ರಿಕೆಯವರಿಗೆ ಯಾರು ಯಾವ ಕಡೆಗೆ ಎಂದು ತಿಳಿದಿರಲು ಸಾಧ್ಯವಿರಲಿಲ್ಲ, ಒಪ್ಪುತ್ತೇನೆ. ತಿಳಿಯದಿದ್ದ ಮೇಲೆ ತಿಳಿದವರ ಹಾಗೆ ಬರೆದದ್ದೇಕೆ? 'ಆರೋಪಿ' ಎಂಬ ಒಳ್ಳೆಯ ಮಾತು ಇದೆ. ಅಳತೆಯಲ್ಲಿ 'ಶಂಕಿತ ಉಗ್ರ'ಕ್ಕಿಂತ ಚಿಕ್ಕದು, ತಲೆಬರಹದಲ್ಲಿ ಜಾಗವೂ ಉಳಿಯುತ್ತದೆ. ಕಳ್ಳತನದ ಸುದ್ದಿಯಲ್ಲಿ ಬಳಸುತ್ತಾರಲ್ಲ, ಇಲ್ಲಿ ಬಳಸಲು ಏನು ಅಡ್ಡಿ?

ನನ್ನದೂ ಒಂದು ಸಣ್ಣ ಅನುಭವ ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಮಗಳ ಕಾಲೇಜು ಸೇರ್ಪಡೆಗೆಂದು ಬೇರೊಂದು ದೇಶಕ್ಕೆ ಹೋದಾಗ ಅಲ್ಲಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಪಕ್ಕದ ಕೋಣೆಗೆ ಕರೆದರು. ಯಾವ ನಿಲ್ದಾಣ ಎಂಬುದು ಮುಖ್ಯವಲ್ಲ. ನನ್ನ ಹೆಸರಿನವನು ಇನ್ನೊಬ್ಬ ಯಾವುದೋ ಪಟ್ಟಿಯಲ್ಲಿದ್ದನಂತೆ. ಎರಡು ಗಂಟೆ ಕೂರಿಸಿದರು. ಅಧಿಕಾರಿ ಸಭ್ಯನೇ, ನೀರು ಕೊಟ್ಟ, ಕೊನೆಗೆ ಕ್ಷಮೆಯನ್ನೂ ಕೇಳಿದ. ಅವನ ಕೆಲಸ ಅವನು ಮಾಡಿದ, ನನಗೆ ಅದರಲ್ಲಿ ದೂರಿಲ್ಲ. ಹೊರಗೆ ಬಂದಾಗ ಮಗಳು ಕೇಳಿದಳು, "ಏನಂತೆ ಬಾಪ?" ಏನಿಲ್ಲ, ಫಾರ್ಮಿನಲ್ಲಿ ಸ್ಪೆಲ್ಲಿಂಗ್ ತಪ್ಪಾಗಿತ್ತು ಎಂದೆ. ಅವಳು ನಂಬಲಿಲ್ಲ ಎಂದು ಗೊತ್ತಾಯಿತು. ನಂಬಿದವಳ ಹಾಗೆ ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

ತರಗತಿಯ ಹುಡುಗನಿಗೆ ಮುಂದಿನ ಶನಿವಾರ ಉತ್ತರ ಹೇಳಿದೆ. ಶಂಕಿತ ಎಂದರೆ, ಮಾಡಿದನೋ ಇಲ್ಲವೋ ಎಂದು ಇನ್ನೂ ಗೊತ್ತಿಲ್ಲದವನು ಎಂದೆ. ಅವನು ತನ್ನ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡ. ಮತ್ತೆ ತಲೆಯೆತ್ತಿ, "ಹಾಗಾದ್ರೆ ಉಗ್ರ ಅಂತ ಯಾಕೆ ಬರೀತಾರೆ?" ಎಂದ. ಆ ಪ್ರಶ್ನೆಯನ್ನು ಊರಿನ ಒಂದು ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದು ಕಳಿಸಿದ್ದೇನೆ, ಹುಡುಗನ ಅಕ್ಷರದಲ್ಲೇ. ಉತ್ತರ ಬಂದರೆ ಇದೇ ಪುಟದಲ್ಲಿ ತಿಳಿಸುತ್ತೇನೆ.

ಕ್ಲಾರ್ಕ್ ವರದಿಯ ಮುದ್ರಿತ ಪ್ರತಿ ನನ್ನ ಬಳಿ ಇದೆ. ಓದಲು ಬೇಕಾದವರು ಶನಿವಾರ ತರಗತಿಯ ಹೊತ್ತಿಗೆ ಬಂದು ಪಡೆಯಬಹುದು. ಅಂಚಿನಲ್ಲಿರುವ ಪೆನ್ಸಿಲ್ ಗುರುತುಗಳು ನನ್ನವು, ಚಹಾದ ಕಲೆ ಖುಸೈಸಿನ ಸ್ನೇಹಿತರದ್ದು.